ನಾಮದಾರ ಗೋಖಲೆಯವರ ರಾಜಕೀಯ ಸೌಜನ್ಯ

ರಾಜಕೀಯದಲ್ಲಿ ಮತಭೇದವಿರುವುದು ಸಹಜ, ಇರಬೇಕಾದುದೂ ಹೌದು. ಎಲ್ಲರೂ ಒಂದೇ ಮಾತನ್ನಾಡುವ ದೇಶಕ್ಕೆ ಶಾಸನಸಭೆಯ ಅವಶ್ಯಕತೆಯೇ ಇಲ್ಲ. ಆದರೆ ಮತಭೇದವು ಮನಸ್ತಾಪವಾಗಿ, ಮನಸ್ತಾಪವು ನಿಂದೆಯಾಗಿ, ನಿಂದೆಯು ಕೈ ಮಾಡುವವರೆಗೂ ಹೋಗುವುದನ್ನು ಕಂಡಾಗ ಸಾಮಾನ್ಯ ಪ್ರಜೆಗೆ ಖೇದವಾಗುತ್ತದೆ. ಸಭೆಯಲ್ಲಿ ಕಾಗದ ಹರಿದೆಸೆಯುವುದು, ಎದುರು ಪಕ್ಷದವನು ಮಾತನಾಡಲು ಎದ್ದೊಡನೆ ಕೂಗೆಬ್ಬಿಸುವುದು, ಚುನಾವಣೆಯ ವೇದಿಕೆಯಿಂದ ಪ್ರತಿಸ್ಪರ್ಧಿಯ ಹೆತ್ತವರನ್ನೂ ಮನೆಯವರನ್ನೂ ಹೀನಾಯವಾಗಿ ಆಡುವುದು, ಇಂತಹ ಸುದ್ದಿಯಿಲ್ಲದ ದಿನ ಪತ್ರಿಕಾ ಕಚೇರಿಯಲ್ಲಿ ಅಪರೂಪ. ದಿನವಿಡೀ ಗಿರಾಕಿಗಳಿಗೆ ವಿನಯದಿಂದ ಉತ್ತರ ಕೊಡಬೇಕಾದ ಹೋಟೆಲ್ ಕಾರ್ಮಿಕನೂ, ಸಾಹೇಬರ ಮುಂದೆ ಮಾತನ್ನು ತೂಗಿ ಆಡಬೇಕಾದ ಗುಮಾಸ್ತನೂ ಇದನ್ನೋದಿ, ತಮ್ಮಿಂದ ಎಲ್ಲರೂ ಅಪೇಕ್ಷಿಸುವ ಸಭ್ಯತೆ ತಮ್ಮನ್ನಾಳುವವರಿಗೆ ಮಾತ್ರ ಏಕೆ ಬೇಡವೆಂದು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ ಸರಿ.

ಈ ಪ್ರಶ್ನೆಗೆ ಕೆಲವರು ಕೊಡುವ ಉತ್ತರವೊಂದುಂಟು. ಸೌಜನ್ಯವೆಂಬುದು ಕೈಲಾಗದವರ ಗುಣ, ಹೋರಾಟಕ್ಕಿಳಿದವನಿಗೆ ಅದು ಸಲ್ಲದು ಎಂಬುದೇ ಆ ಉತ್ತರ. ಇದು ಎಷ್ಟರಮಟ್ಟಿಗೆ ನಿಜ? ನಾವು ಉದರಪೋಷಣೆಗಾಗಿ ಬಂದು ನೆಲೆಸಿರುವ ಈ ಮಹಾರಾಷ್ಟ್ರದ ನೆಲದಲ್ಲಿಯೇ ಬಾಳಿದ ಓರ್ವ ಮಹನೀಯರ ಚರಿತ್ರೆಯು ಇದಕ್ಕೆ ತಕ್ಕ ಸಮಾಧಾನವನ್ನು ಕೊಡುವುದೆಂದು ನಮ್ಮ ನಂಬಿಕೆ. ಅವರೇ ಗೋಪಾಲಕೃಷ್ಣ ಗೋಖಲೆಯವರು. ಶಾಸನಸಭೆಯ ಸದಸ್ಯರಿಗೆ ಆಗ ಸಲ್ಲುತ್ತಿದ್ದ ಬಿರುದಿನಿಂದ ಮರಾಠಿಗರು ಅವರನ್ನು ಇಂದಿಗೂ ನಾಮದಾರ ಗೋಖಲೆಯೆಂದೇ ಸ್ಮರಿಸುತ್ತಾರೆ.

ಬಡತನದ ಬಾಲ್ಯ

ಗೋಖಲೆಯವರು 1866ನೆಯ ಇಸವಿಯ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕೃಷ್ಣರಾಯರು ಕಾಗಲ್ ಸಂಸ್ಥಾನದಲ್ಲಿ ಮೊದಲು ಗುಮಾಸ್ತರಾಗಿಯೂ ಅನಂತರ ಪೊಲೀಸ್ ಅಧಿಕಾರಿಯಾಗಿಯೂ ಇದ್ದರು. ಬೆಳಗಾವಿಯಿಂದ ಪುಣೆಗೆ ಬರುವ ನಮ್ಮವರಿಗೆ ಕಾಗಲ್ ಅಪರಿಚಿತವಲ್ಲ. ನಿಪ್ಪಾಣಿಯನ್ನು ದಾಟಿದ ಮೇಲೆ ಕೊಲ್ಲಾಪುರಕ್ಕೆ ಮೊದಲು ಸಿಗುವ ಊರದು. ಬಾಲಕ ಗೋಪಾಲನ ಮೊದಲ ಪಾಠಗಳು ಅಲ್ಲಿಯೇ ಆದವು.

1879ರಲ್ಲಿ ತಂದೆ ತೀರಿಕೊಂಡಾಗ ಗೋಪಾಲನಿಗೆ ಹದಿಮೂರು ವರ್ಷ. ಅಣ್ಣ ಗೋವಿಂದರಾಯರು ಓದನ್ನು ಬಿಟ್ಟು ತಿಂಗಳಿಗೆ 15 ರೂಪಾಯಿ ಸಂಬಳದ ಚಾಕರಿಗೆ ಸೇರಿದರು. ಆ ಹದಿನೈದರಲ್ಲಿ 8 ರೂಪಾಯಿಗಳನ್ನು ಕೊಲ್ಲಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಕಳುಹಿಸಿ, ಉಳಿದ ಏಳರಲ್ಲಿ ಮನೆಯನ್ನು ಸಾಗಿಸಿದರು. ಪ್ರತಿ ತಿಂಗಳೂ ಊರಿಗೆ ಹಣ ಕಳುಹಿಸಿ, ಉಳಿದುದರಲ್ಲಿ ತಾನು ಬದುಕುವ ಕಷ್ಟವೇನೆಂಬುದನ್ನು ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಒಮ್ಮೆ ಸಹಪಾಠಿಯೊಬ್ಬನು ಗೋಪಾಲನನ್ನು ನಾಟಕಕ್ಕೆ ಕರೆದುಕೊಂಡು ಹೋಗಿ, ಆಮೇಲೆ ಟಿಕೇಟಿನ ಎರಡಾಣೆ ಕೇಳಿದನಂತೆ. ಹುಡುಗನು ಮರುಮಾತಾಡದೆ ಕೊಟ್ಟುಬಿಟ್ಟನು. ದೀಪದ ಎಣ್ಣೆಗೆ ಕಾಸಿಲ್ಲದೆ ಬೀದಿದೀಪದಡಿಯಲ್ಲಿ ಕುಳಿತು ಓದಿದನು ಎಂದು ಚರಿತ್ರಕಾರರು ಬರೆದಿದ್ದಾರೆ. ಹಗಲು ಟೇಬಲ್ ಒರೆಸಿ, ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ಈ ಕಥೆ ತಮ್ಮದೇ ಎನಿಸಿದರೆ ಆಶ್ಚರ್ಯವಿಲ್ಲ.

ಕೊಲ್ಲಾಪುರದ ರಾಜಾರಾಮ ಕಾಲೇಜು, ಪುಣೆಯ ಡೆಕ್ಕನ್ ಕಾಲೇಜು, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜುಗಳಲ್ಲಿ ಓದಿ, 1884ರಲ್ಲಿ, ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ, ಅವರು ಬಿ.ಎ. ಪದವೀಧರರಾದರು. ಸರಕಾರಿ ಹುದ್ದೆಯೋ ವಕೀಲಿಯೋ ಅವರನ್ನು ಶ್ರೀಮಂತರನ್ನಾಗಿ ಮಾಡಬಹುದಾಗಿತ್ತು; ಅಣ್ಣನ ಋಣವನ್ನು ಬೇಗನೆ ತೀರಿಸಬಹುದಾಗಿತ್ತು. ಆದರೆ ಅವರು ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ 35 ರೂಪಾಯಿ ಸಂಬಳಕ್ಕೆ ಉಪಾಧ್ಯಾಯರಾದರು. ಬಳಿಕ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರಾಗಿ, ಫರ್ಗ್ಯುಸನ್ ಕಾಲೇಜಿನಲ್ಲಿ 75 ರೂಪಾಯಿ ವೇತನದ ಮೇಲೆ ದುಡಿದರು. 1902ರಲ್ಲಿ ನಿವೃತ್ತರಾದಾಗ ಅವರಿಗೆ ದೊರೆತುದು ತಿಂಗಳಿಗೆ 30 ರೂಪಾಯಿಗಳ ವಿಶ್ರಾಂತಿ ವೇತನ.

ಗುರು ರಾನಡೆ

ಗೋಖಲೆಯವರನ್ನು ರೂಪಿಸಿದವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು. ಇವರಿಬ್ಬರ ಮೊದಲ ಭೇಟಿಯ ವಿಷಯದಲ್ಲಿ ಒಂದು ಪ್ರತೀತಿಯಿದೆ. ಪುಣೆಯ ಒಂದು ಸಮಾರಂಭದಲ್ಲಿ ತರುಣ ಗೋಖಲೆ ಬಾಗಿಲು ಕಾಯುತ್ತಿದ್ದರು. ಆಮಂತ್ರಣ ಚೀಟಿಯಿಲ್ಲದೆ ಬಂದ ರಾನಡೆಯವರನ್ನು ಅವರು ವಿನಯದಿಂದಲೇ ತಡೆದು ನಿಲ್ಲಿಸಿದರಂತೆ. ವ್ಯವಸ್ಥಾಪಕರು ಓಡಿಬಂದು ಕರೆದೊಯ್ಯುವವರೆಗೂ ಆ ಹಿರಿಯರು ಸಮಾಧಾನದಿಂದ ಹೊರಗೇ ನಿಂತಿದ್ದರಂತೆ. ತಡೆದವನಲ್ಲಿ ಉದ್ಧಟತನವಿರಲಿಲ್ಲ, ತಡೆಯಲ್ಪಟ್ಟವರಲ್ಲಿ ಕೋಪವಿರಲಿಲ್ಲ. ಅಂತಹ ಗುರುವಿಗೆ ಅಂತಹ ಶಿಷ್ಯನೇ ದೊರೆತನು.

ರಾನಡೆಯವರ ಶಿಕ್ಷಣ ಸುಲಭದ್ದಾಗಿರಲಿಲ್ಲ. ಸಾರ್ವಜನಿಕ ಸಭೆಯ ಕಾರ್ಯದರ್ಶಿಯಾಗಿ, ಅದರ ತ್ರೈಮಾಸಿಕದ ಸಂಪಾದಕರಾಗಿ ಗೋಖಲೆಯವರು ಸರಕಾರದ ಲೆಕ್ಕಪತ್ರಗಳನ್ನು, ವರದಿಗಳನ್ನು, ಕಂದಾಯದ ಅಂಕೆಸಂಖ್ಯೆಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಬೇಕಾಯಿತು. ಪರಾಮರ್ಶಿಸದ ಯಾವ ಮಾತನ್ನೂ ರಾನಡೆಯವರು ಒಪ್ಪುತ್ತಿರಲಿಲ್ಲ. ವಿಷಯ ತಿಳಿಯದವನೇ ಸಾಮಾನ್ಯವಾಗಿ ದನಿಯೇರಿಸುವವನು. ಅಂಕೆಗಳನ್ನು ಕೈಯಲ್ಲಿ ಹಿಡಿದವನಿಗೆ ಕೂಗುವ ಅಗತ್ಯವೇ ಬೀಳುವುದಿಲ್ಲ. ಗೋಖಲೆಯವರ ಸೌಜನ್ಯಕ್ಕೆ ಈ ಪರಿಶ್ರಮವೇ ಬುನಾದಿಯಾಗಿದ್ದಿತು.

ಪುಣೆಯ ಸಾರ್ವಜನಿಕ ಜೀವನದಲ್ಲಿ ಆಗಲೇ ಎರಡು ಪಕ್ಷಗಳು ಮೂಡಿದ್ದವು. ಬಾಲಗಂಗಾಧರ ತಿಲಕರೂ ಡೆಕ್ಕನ್ ಎಜುಕೇಶನ್ ಸೊಸೈಟಿಯ ಸ್ಥಾಪಕರಲ್ಲೊಬ್ಬರು. ಆದರೆ 1890ರಲ್ಲಿ ಅವರು ಅದನ್ನು ಬಿಟ್ಟರು. ಗೋಖಲೆಯವರು ಸಮಾಜಸುಧಾರಕರಾದ ಅಗರ್‌ಕರರ ಜೊತೆಗೂಡಿ ಸುಧಾರಕ ಪತ್ರಿಕೆಯಲ್ಲಿ ಬರೆಯುತ್ತಿದ್ದರೆ, ತಿಲಕರು ಕೇಸರಿಯ ಮೂಲಕ ಜನತೆಯನ್ನು ಎಚ್ಚರಿಸುತ್ತಿದ್ದರು. 1896ರ ಹೊತ್ತಿಗೆ ಸಾರ್ವಜನಿಕ ಸಭೆಯೇ ತಿಲಕರ ಪಕ್ಷದ ಕೈಸೇರಿತು. ರಾನಡೆ, ಗೋಖಲೆಯವರು ಹೊರಬಂದು ಡೆಕ್ಕನ್ ಸಭೆಯನ್ನು ಕಟ್ಟಿದರು. ಹೀಗೆ ಒಂದೇ ಊರಿನ, ಒಂದೇ ವಿದ್ಯಾಸಂಸ್ಥೆಯಲ್ಲಿ ದುಡಿದ ಇಬ್ಬರು ಧೀಮಂತರು ಜೀವನಪರ್ಯಂತ ಎದುರಾಳಿಗಳಾದರು. ಈ ವಿರೋಧವನ್ನು ಗೋಖಲೆಯವರು ಹೇಗೆ ನಿರ್ವಹಿಸಿದರೆಂಬುದೇ ಈ ಚರಿತ್ರೆಯ ಸಾರ.

ಕ್ಷಮಾಪಣೆಯ ಪ್ರಸಂಗ

1897ರಲ್ಲಿ ಭಾರತದ ಆದಾಯ ವೆಚ್ಚಗಳನ್ನು ಪರೀಕ್ಷಿಸಲು ನೇಮಕವಾಗಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಗೋಖಲೆಯವರು ಇಂಗ್ಲೆಂಡಿಗೆ ಹೋದರು. ಆಗ ಅವರಿಗೆ ಮೂವತ್ತೊಂದು ತುಂಬಿರಲಿಲ್ಲ. ಇಂಗ್ಲಿಷರ ಊಟದ ಮೇಜಿನ ರೀತಿನೀತಿಗಳು ಅವರಿಗೆ ತಿಳಿದಿರಲಿಲ್ಲ. ಅಲ್ಲಿನ ಓರ್ವ ಸಹೃದಯ ಮಹಿಳೆ ಅದನ್ನು ಕಲಿಸಿಕೊಟ್ಟರು. ಆದರೆ ಆಯೋಗದ ಘನ ಸದಸ್ಯರ ಪಾಟೀಸವಾಲನ್ನು ಎದುರಿಸುವ ವಿದ್ಯೆಯನ್ನು ಅವರಿಗೆ ಯಾರೂ ಅಲ್ಲಿ ಕಲಿಸಬೇಕಾಗಿರಲಿಲ್ಲ. ಸೈನ್ಯದ ವೆಚ್ಚ, ಭಾರತೀಯರಿಗೆ ಉನ್ನತ ಹುದ್ದೆಗಳಲ್ಲಿ ಆಗುತ್ತಿದ್ದ ಅನ್ಯಾಯ ಮುಂತಾದ ವಿಷಯಗಳನ್ನು ಅಂಕೆಸಂಖ್ಯೆ ಸಹಿತ ಪ್ರತಿಪಾದಿಸಿ ಅವರು ಎಲ್ಲರ ಮೆಚ್ಚಿಗೆಗೆ ಪಾತ್ರರಾದರು.

ಅದೇ ಸಮಯದಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿತ್ತು. ರ‍್ಯಾಂಡ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಗೋರಾ ಸೋಲ್ಜರರು ಮನೆಮನೆಗೆ ನುಗ್ಗಿ ತಪಾಸಣೆ ನಡೆಸುತ್ತಿದ್ದರು. ದೇವರ ಮನೆ, ಅಡುಗೆ ಮನೆಗಳೆಂಬ ಭೇದವಿಲ್ಲದೆ ನಡೆದ ಈ ತಪಾಸಣೆಯಿಂದ ಜನರು ಕುದಿಯುತ್ತಿದ್ದರು. ಇಬ್ಬರು ಸ್ತ್ರೀಯರ ಮಾನಭಂಗವಾಗಿದೆಯೆಂದು ಪುಣೆಯ ನಂಬಿಕಸ್ಥ ಮಿತ್ರರಿಂದ ಗೋಖಲೆಯವರಿಗೆ ಪತ್ರಗಳು ಬಂದವು. ಅವರು ಇದನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಪಡಿಸಿದರು. ಅಲ್ಲಿ ದೊಡ್ಡ ಕೋಲಾಹಲವಾಯಿತು. ಮುಂಬಯಿ ಸರಕಾರವು ಆರೋಪವನ್ನು ಸಂಪೂರ್ಣವಾಗಿ ಅಲ್ಲಗಳೆಯಿತು. ಅಷ್ಟರಲ್ಲಿ ಜೂನ್ 22ರ ರಾತ್ರಿ ಪುಣೆಯಲ್ಲಿ ರ‍್ಯಾಂಡರ ಮೇಲೆ ಗುಂಡು ಹಾರಿಸಲಾಯಿತು. ಊರಿಡೀ ಭಯ ಆವರಿಸಿತು.

ಗೋಖಲೆಯವರು ಸ್ವದೇಶಕ್ಕೆ ಮರಳಿ ಸಾಕ್ಷ್ಯಾಧಾರಗಳಿಗಾಗಿ ಹುಡುಕಿದರು. ಅಂದಿನ ದಬ್ಬಾಳಿಕೆಯಲ್ಲಿ ಮುಂದೆ ಬಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪತ್ರ ಬರೆದವರ ಹೆಸರನ್ನು ಬಯಲು ಮಾಡಿದ್ದರೆ ಗೋಖಲೆಯವರು ತಮ್ಮ ಹೊಣೆಯನ್ನು ಅವರ ಮೇಲೆ ಹೊರಿಸಬಹುದಾಗಿತ್ತು. ಅದನ್ನು ಅವರು ಮಾಡಲಿಲ್ಲ. ತಾನು ಬಹಿರಂಗವಾಗಿ ಹೊರಿಸಿದ ಆರೋಪವನ್ನು ತನ್ನಿಂದ ರುಜುವಾತುಪಡಿಸಲು ಸಾಧ್ಯವಾಗದಿರುವಾಗ, ಬಹಿರಂಗವಾಗಿಯೇ ಹಿಂತೆಗೆದುಕೊಳ್ಳುವುದು ಧರ್ಮವೆಂದು ನಿಶ್ಚಯಿಸಿ, ಗವರ್ನರರಿಗೂ ಪ್ಲೇಗು ಕಾರ್ಯದಲ್ಲಿದ್ದ ಸೈನಿಕರಿಗೂ ಯಾವ ಕರಾರೂ ಇಲ್ಲದೆ ಕ್ಷಮಾಪಣೆಯನ್ನು ಪ್ರಕಟಿಸಿದರು.

ಇದರಿಂದ ಅವರು ತೆತ್ತ ಬೆಲೆ ಅಲ್ಪವಲ್ಲ. ಪುಣೆಯ ಜನರು ಅವರನ್ನು ಹೇಡಿಯೆಂದು ಹಳಿದರು. ಅದೇ ವರ್ಷ ತಿಲಕರು ರಾಜದ್ರೋಹದ ಆಪಾದನೆಯ ಮೇಲೆ ಸೆರೆಮನೆಗೆ ಹೋಗಿ ಜನರ ಕಣ್ಮಣಿಯಾದರು. ಗೋಖಲೆಯವರು ಕ್ಷಮೆ ಬೇಡಿ ಜನರ ತಿರಸ್ಕಾರಕ್ಕೆ ಗುರಿಯಾದರು. ವರ್ಷಾಂತ್ಯದ ಅಮರಾವತಿ ಕಾಂಗ್ರೆಸ್ಸಿನಲ್ಲಿ ಅವರಿಗೆ ವೇದಿಕೆಯ ಮೇಲೆ ಮಾತನಾಡುವ ಅವಕಾಶವೂ ಇಲ್ಲದಾಯಿತು. ಆ ಕ್ಷಮಾಪಣೆಯ ಭಾಷೆ ಅಗತ್ಯಕ್ಕಿಂತ ಹೆಚ್ಚು ವಿನೀತವಾಗಿತ್ತೆಂದು ಹೇಳುವವರು ಇಂದಿಗೂ ಇದ್ದಾರೆ. ಜನರು ನಿಜವಾಗಿಯೂ ನೊಂದಿದ್ದರೆಂಬುದನ್ನು ನೆನೆದರೆ ಆ ಟೀಕೆಯಲ್ಲಿ ತಥ್ಯವಿಲ್ಲವೆಂದು ನಾವು ಹೇಳಲಾರೆವು. ಆದರೆ ಜನಪ್ರಿಯತೆಯನ್ನು ಪಣವಾಗಿಟ್ಟು ತನ್ನ ಮಾತಿನ ಹೊಣೆ ಹೊತ್ತವನನ್ನು ಹೇಡಿಯೆಂದು ಕರೆಯುವುದು ಸರಿಯಲ್ಲವೆಂಬುದೂ ಅಷ್ಟೇ ನಿಜ. ಅವರು ಅಳುತ್ತ ಕೂರಲಿಲ್ಲ. ಮರುವರ್ಷ ಪ್ಲೇಗು ಪುನಃ ಬಂದಾಗ ಸ್ವಯಂಸೇವಕರಾಗಿ ಪುಣೆಯ ಗಲ್ಲಿಗಲ್ಲಿಗಳಲ್ಲಿ ರೋಗಿಗಳ ಸೇವೆಗೆ ನಿಂತರು. ಜನರ ವಿಶ್ವಾಸವನ್ನು ಅವರು ಮರಳಿ ಗಳಿಸಿದುದು ದುಡಿಮೆಯಿಂದ.

ಶಾಸನಸಭೆಯ ಸಿಂಹ

1899ರಲ್ಲಿ ಅವರು ಮುಂಬಯಿ ಶಾಸನಸಭೆಗೆ ಆರಿಸಿ ಬಂದರು. ಸೌಜನ್ಯವೆಂದರೆ ತಲೆಯಾಡಿಸುವುದಲ್ಲವೆಂಬುದಕ್ಕೆ 1901ರ ಪ್ರಸಂಗವೇ ಸಾಕ್ಷಿ. ರೈತರ ಭೂಮಿಯ ಹಕ್ಕನ್ನು ಮೊಟಕುಗೊಳಿಸುವ ಮಸೂದೆಯನ್ನು ಸರಕಾರವು ಹಟದಿಂದ ಮುಂದೊತ್ತಿದಾಗ, ಫಿರೋಜ್‌ಶಹಾ ಮೆಹತಾ ಅವರೊಡನೆ ಗೋಖಲೆಯವರೂ ಸಭೆಯಿಂದ ಹೊರನಡೆದರು. ವಾದದಿಂದ ಆಗಬೇಕಾದುದೆಲ್ಲ ಆದ ಮೇಲೆ ಕೈಗೊಂಡ ಕೊನೆಯ ಉಪಾಯವಾಗಿತ್ತದು. ಅದನ್ನು ಅವರು ದಿನಚರಿಯಾಗಿ ಮಾಡಿಕೊಳ್ಳಲಿಲ್ಲ.

1902ರಲ್ಲಿ ವೈಸರಾಯರ ಶಾಸನಸಭೆಗೆ ಸದಸ್ಯರಾಗಿ ಕಲ್ಕತ್ತೆಗೆ ಹೋದರು. ಲಾರ್ಡ್ ಕರ್ಜನ್ ಅಂದಿನ ವೈಸರಾಯ್. ಆಯವ್ಯಯ ಪತ್ರದಲ್ಲಿ ಕೋಟಿಗಟ್ಟಲೆ ರೂಪಾಯಿ ಉಳಿತಾಯವಾಗಿದೆಯೆಂದು ಸರಕಾರವು ಬೀಗುತ್ತಿದ್ದ ಕಾಲವದು. 1902ರ ಮಾರ್ಚ್ 26ರಂದು ಗೋಖಲೆಯವರು ಎದ್ದುನಿಂತು, ಈ ಉಳಿತಾಯ ಜನರ ಸಮೃದ್ಧಿಯ ಚಿಹ್ನೆಯಲ್ಲವೆಂದು ಲೆಕ್ಕ ಬಿಡಿಸಿ ತೋರಿಸಿದರು. ಗಲ್ಲಾಪೆಟ್ಟಿಗೆ ತುಂಬಿದೆಯೆಂದ ಮಾತ್ರಕ್ಕೆ ಹೋಟೆಲು ಚೆನ್ನಾಗಿದೆಯೆಂದು ಅರ್ಥವಲ್ಲ. ಗಿರಾಕಿಯಿಂದ ಹೆಚ್ಚು ದರ ಕಿತ್ತು, ಅಡುಗೆಯವನಿಗೆ ಕೊಡಬೇಕಾದುದನ್ನು ಕೊಡದಿದ್ದರೂ ಪೆಟ್ಟಿಗೆ ತುಂಬುತ್ತದೆ. ಗೋಖಲೆಯವರು ತೋರಿಸಿಕೊಟ್ಟುದು ಇಂತಹದೇ ಸತ್ಯವನ್ನು. ರೂಪಾಯಿಯ ಬೆಲೆಯನ್ನು ಕೃತಕವಾಗಿ ಏರಿಸಿ, ಕ್ಷಾಮದ ವರ್ಷಗಳಲ್ಲಿಯೂ ತೆರಿಗೆಯನ್ನು ಇಳಿಸದೆ ಕೂಡಿಟ್ಟ ಹಣವದು. 1896ರಿಂದ 1900ರ ನಡುವೆ ಎರಡು ಘೋರ ಕ್ಷಾಮಗಳಲ್ಲಿ ಜನ ಸಾಯುತ್ತಿದ್ದಾಗ ಖಜಾನೆ ತುಂಬಿತ್ತು.

ಅದರಲ್ಲಿಯೂ ಉಪ್ಪಿನ ಮೇಲಿನ ಸುಂಕ ಅವರನ್ನು ಬಹಳವಾಗಿ ನೋಯಿಸಿತ್ತು. ಆಗ ಮಣ ಉಪ್ಪಿಗೆ ಎರಡೂವರೆ ರೂಪಾಯಿ ಸುಂಕ. ಧನಿಕನೂ ದರಿದ್ರನೂ ತಿನ್ನುವ ಉಪ್ಪು ಹೆಚ್ಚು ಕಡಿಮೆ ಒಂದೇ ಪ್ರಮಾಣ. ಹೀಗಾಗಿ ಈ ಸುಂಕದ ಭಾರವೆಲ್ಲ ಬಡವನ ಗಂಜಿಯ ಮೇಲೆಯೇ ಬೀಳುತ್ತಿತ್ತು. ವರ್ಷ ವರ್ಷವೂ ಅವರು ಇದನ್ನು ಶಾಂತವಾಗಿ, ಆದರೆ ಬಿಡದೆ ಎತ್ತಿ ಹೇಳಿದರು. ಸುಂಕವು 1903ರಲ್ಲಿ ಎರಡು ರೂಪಾಯಿಗೂ, 1905ರಲ್ಲಿ ಒಂದೂವರೆ ರೂಪಾಯಿಗೂ, 1907ರಲ್ಲಿ ಒಂದು ರೂಪಾಯಿಗೂ ಇಳಿಯಿತು. ಇದು ಅವರೊಬ್ಬರ ಕಾರ್ಯವೇ ಎಂದು ಹೇಳಲಾಗದು. ಆದರೆ ಅವರ ಪಾಲು ದೊಡ್ಡದು. ಸದ್ದಿಲ್ಲದ ಮಾತಿನಿಂದ ಬಡವನ ಅಡುಗೆಮನೆಗೆ ತಲುಪಿದ ಪ್ರಯೋಜನವಿದು.

ಕರ್ಜನ್ ಸಾಹೇಬರ ವಿಶ್ವವಿದ್ಯಾಲಯ ಮಸೂದೆಯನ್ನು ಅವರು ಅಂಗುಲ ಅಂಗುಲವಾಗಿ ವಿರೋಧಿಸಿದರು. 1905ರ ಬನಾರಸ್ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ ಬಂಗಾಳದ ವಿಭಜನೆಯನ್ನು ತೀವ್ರವಾಗಿ ಖಂಡಿಸಿದರು. ಆದರೂ ಅದೇ ಕರ್ಜನರು ಗೋಖಲೆಯವರ ಸಾಮರ್ಥ್ಯವನ್ನು ಮನಸಾರೆ ಮೆಚ್ಚುತ್ತಿದ್ದರು. ಎದುರಾಳಿಯಿಂದಲೂ ಗೌರವ ಪಡೆಯುವ ವಾದವೇ ವಾದ.

ಅವರ ದೊಡ್ಡ ಕನಸು ಫಲಿಸಲಿಲ್ಲವೆಂಬುದನ್ನೂ ಹೇಳಬೇಕು. ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಕ್ರಮೇಣ ಉಚಿತವೂ ಕಡ್ಡಾಯವೂ ಆಗಿ ಮಾಡಬೇಕೆಂದು 1910ರಲ್ಲಿ ಗೊತ್ತುವಳಿ ತಂದರು. 1911ರಲ್ಲಿ ಮಸೂದೆಯನ್ನೇ ಮಂಡಿಸಿದರು. 1912ರ ಮಾರ್ಚಿಯಲ್ಲಿ ಅದು 13ಕ್ಕೆ ವಿರುದ್ಧವಾಗಿ 38 ಮತಗಳಿಂದ ಬಿದ್ದುಹೋಯಿತು. ಸರಕಾರಿ ಸದಸ್ಯರೊಡನೆ ಕೆಲವು ಭಾರತೀಯ ಶ್ರೀಮಂತರೂ ಅದನ್ನು ವಿರೋಧಿಸಿದ್ದರು. ಸೋಲು ಖಂಡಿತವೆಂದು ತಿಳಿದೂ ಅವರು ಯಾರನ್ನೂ ಬಯ್ಯಲಿಲ್ಲ; ತಮ್ಮ ತಲೆಮಾರು ಸೋತೇ ಸೇವೆ ಸಲ್ಲಿಸಬೇಕಾದ ತಲೆಮಾರೆಂದು ತಿಳಿದಿದ್ದರು. 2002ರಲ್ಲಿ ಸಂವಿಧಾನಕ್ಕೆ ತಂದ ತಿದ್ದುಪಡಿಯಿಂದಲೂ 2009ರ ಕಾಯಿದೆಯಿಂದಲೂ ಶಿಕ್ಷಣವು ನಮ್ಮ ಮಕ್ಕಳ ಮೂಲಭೂತ ಹಕ್ಕಾಯಿತು. ತೊಂಬತ್ತು ವರ್ಷಗಳಿಗೂ ಹಿಂದೆ ಅದಕ್ಕೆ ಬೀಜ ಬಿತ್ತಿದವರಲ್ಲಿ ಇವರು ಅಗ್ರಗಣ್ಯರು.

ಸೂರತ್ತಿನ ವೇದಿಕೆ

ಈಗ 1907ರ ಡಿಸೆಂಬರ್ ತಿಂಗಳಿಗೆ ಹಿಂದಿರುಗೋಣ. ಸೂರತ್ತಿನಲ್ಲಿ ಕಾಂಗ್ರೆಸ್ ಅಧಿವೇಶನ. ಮಂದಗಾಮಿಗಳಿಗೆ ಮೆಹತಾ, ಗೋಖಲೆ, ಸುರೇಂದ್ರನಾಥ ಬ್ಯಾನರ್ಜಿಯವರು ಮುಖಂಡರು. ತೀವ್ರಗಾಮಿಗಳಿಗೆ ತಿಲಕರು ನಾಯಕರು. ಸ್ವದೇಶಿ, ಬಹಿಷ್ಕಾರ, ಸ್ವರಾಜ್ಯಗಳ ಗೊತ್ತುವಳಿಗಳನ್ನು ಹಿಂದೆ ಸರಿಸುವರೆಂಬ ಶಂಕೆ ಒಂದು ಪಕ್ಷಕ್ಕೆ. ಕಾಂಗ್ರೆಸ್ಸನ್ನೇ ವಶಪಡಿಸಿಕೊಳ್ಳುವರೆಂಬ ಭೀತಿ ಇನ್ನೊಂದು ಪಕ್ಷಕ್ಕೆ. ಮೊದಲ ದಿನವೇ ಗದ್ದಲವಾಗಿ ಸಭೆ ನಿಂತಿತು. 27ರಂದು ರಾಸಬಿಹಾರಿ ಘೋಷರು ಅಧ್ಯಕ್ಷರೆಂದು ಸಾರಿದೊಡನೆ ತಿಲಕರು ತಿದ್ದುಪಡಿ ಸೂಚಿಸಲು ವೇದಿಕೆಯನ್ನೇರಿದರು. ಅವಕಾಶ ಕೊಡಲಿಲ್ಲ. ಅವರು ಕೈಕಟ್ಟಿ ಅಲ್ಲಿಯೇ ಅಚಲರಾಗಿ ನಿಂತರು. ಅವರನ್ನು ಎಳೆದುಹಾಕಲು ಮಂದಗಾಮಿ ಪಕ್ಷದ ತರುಣರು ಆವೇಶದಿಂದ ನುಗ್ಗಿ ಬಂದರು.

ಆ ಕ್ಷಣದಲ್ಲಿ ನಡೆದುದನ್ನು ಅಲ್ಲಿದ್ದ ಇಂಗ್ಲಿಷ್ ಪತ್ರಕರ್ತ ನೆವಿನ್ಸನ್ ಅವರು ಬರೆದಿಟ್ಟಿದ್ದಾರೆ. ತಿಲಕರ ಬಳಿ ನಿಂತಿದ್ದ ಗೋಖಲೆಯವರು ತಮ್ಮ ಎರಡೂ ತೋಳುಗಳನ್ನು ಚಾಚಿ, ನುಗ್ಗಿ ಬರುತ್ತಿದ್ದವರಿಂದ ತಮ್ಮ ಹಳೆಯ ಎದುರಾಳಿಯನ್ನು ರಕ್ಷಿಸಿದರು. ನುಗ್ಗಿದವರು ಅನ್ಯರಲ್ಲ, ಸ್ವಪಕ್ಷದವರೇ. ರಕ್ಷಿಸಲ್ಪಟ್ಟವರು ಹದಿನೇಳು ವರ್ಷಗಳಿಂದ ಪತ್ರಿಕೆಯಲ್ಲಿಯೂ ವೇದಿಕೆಯಲ್ಲಿಯೂ ತಮ್ಮನ್ನು ವಿರೋಧಿಸುತ್ತಲೇ ಬಂದವರು. ಅಷ್ಟರಲ್ಲಿ ಜನರ ನಡುವಿನಿಂದ ಒಂದು ಪಾದರಕ್ಷೆ ಹಾರಿ ಬಂದು ಸುರೇಂದ್ರನಾಥರಿಗೂ ಮೆಹತಾರಿಗೂ ತಗಲಿತು. ಕುರ್ಚಿಗಳು ಹಾರಿದವು, ದೊಣ್ಣೆಗಳು ಎದ್ದವು, ಪೊಲೀಸರು ಬಂದು ಮಂಟಪವನ್ನು ಬರಿದುಗೊಳಿಸಿದರು. ಕಾಂಗ್ರೆಸ್ಸು ಒಡೆಯಿತು; ಅದು ಮತ್ತೆ ಕೂಡಲು 1916ರ ಲಖನೌ ಅಧಿವೇಶನದವರೆಗೆ ಕಾಯಬೇಕಾಯಿತು. ಸಭ್ಯತೆ ತಪ್ಪಿದ ಒಂದು ಅಪರಾಹ್ನಕ್ಕೆ ದೇಶ ಕೊಟ್ಟ ಬೆಲೆ ಎಂಟು ಒಂಬತ್ತು ವರ್ಷಗಳು. ಆ ಮಂಟಪದಲ್ಲಿ ಎರಡೂ ಪಕ್ಷಗಳಿಂದ ತಪ್ಪಾಗಿತ್ತು. ಆ ತಪ್ಪುಗಳ ನಡುವೆ ಚಾಚಿದ್ದ ಎರಡು ತೋಳುಗಳು ಮಾತ್ರ ನಾವು ಹೆಮ್ಮೆಪಡಬಹುದಾದ ದೃಶ್ಯ.

1908ರಲ್ಲಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಅವರನ್ನು ಮಂಡಾಲೆಗೆ ಕಳುಹಿಸಿದಾಗ ಮುಂಬಯಿಯ ಗಿರಣಿ ಕಾರ್ಮಿಕರು ಆರು ದಿನ ಕೆಲಸ ನಿಲ್ಲಿಸಿದರು. ಆಗ ಗೋಖಲೆಯವರು ಇಂಗ್ಲೆಂಡಿನಲ್ಲಿದ್ದರು. ಈ ಶಿಕ್ಷೆಯಲ್ಲಿ ಅವರ ಕೈವಾಡವಿದೆಯೆಂಬ ಸುಳ್ಳು ವದಂತಿಯನ್ನು ಕೆಲವರು ಹಬ್ಬಿಸಿದರು. ಗೋಖಲೆಯವರದು ಮೃದು ಮನಸ್ಸು. ನಿಂದೆಯು ಅವರಿಗೆ ಚುಚ್ಚುತ್ತಿತ್ತು, ನಿದ್ರೆಗೆಡಿಸುತ್ತಿತ್ತು. ಚರ್ಮ ದಪ್ಪವಾದವನು ತಾಳ್ಮೆಯಿಂದಿದ್ದರೆ ಅದು ದೊಡ್ಡದಲ್ಲ. ನೋವು ತಿಳಿಯುವವನು ನಿಂದೆಗೆ ನಿಂದೆಯನ್ನು ಹಿಂದಿರುಗಿಸದಿದ್ದರೆ ಅದೇ ದೊಡ್ಡದು.

ಗಾಂಧೀಜಿಯವರ ಗುರು

1905ರ ಜೂನ್ 12ರಂದು ಗೋಖಲೆಯವರು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದ್ದರು. ಅದರ ಸದಸ್ಯರು ಸ್ವೀಕರಿಸುವ ಏಳು ಪ್ರತಿಜ್ಞೆಗಳಲ್ಲಿ, ಯಾರೊಡನೆಯೂ ವೈಯಕ್ತಿಕ ಕಲಹಕ್ಕೆ ಇಳಿಯುವುದಿಲ್ಲವೆಂಬುದೂ ಒಂದು. ಇತರರಿಗೆ ವಿಧಿಸಿದುದನ್ನು ತಾವು ಮೊದಲೇ ಆಚರಿಸಿದ್ದರು.

ಗಾಂಧೀಜಿಯವರು 1896ರಲ್ಲಿ ಫರ್ಗ್ಯುಸನ್ ಕಾಲೇಜಿನ ಆವರಣದಲ್ಲಿ ಅವರನ್ನು ಮೊದಲು ಕಂಡರು. 1901-02ರ ಚಳಿಗಾಲದಲ್ಲಿ ಕಲ್ಕತ್ತೆಯಲ್ಲಿ ಅವರ ಮನೆಯಲ್ಲಿಯೇ ಒಂದು ತಿಂಗಳು ಅತಿಥಿಯಾಗಿದ್ದರು. 1912ರ ಅಕ್ಟೋಬರಿನಲ್ಲಿ ಗೋಖಲೆಯವರು ಕ್ಷೀಣವಾದ ಆರೋಗ್ಯವನ್ನೂ ಲೆಕ್ಕಿಸದೆ ದಕ್ಷಿಣ ಆಫ್ರಿಕಕ್ಕೆ ಹೋಗಿ, ಅಲ್ಲಿಯ ಭಾರತೀಯ ಕೂಲಿಗಾರರ ಮೇಲಿದ್ದ ಮೂರು ಪೌಂಡ್ ತಲೆಗಂದಾಯವನ್ನು ರದ್ದುಪಡಿಸಲು ಮಂತ್ರಿಗಳಾದ ಬೋಥಾ, ಸ್ಮಟ್ಸ್ ಅವರೊಡನೆ ಮಾತುಕತೆ ನಡೆಸಿದರು. ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಹೋದವರ ಕಷ್ಟಕ್ಕೆ ಓಗೊಟ್ಟು ಹಡಗು ಹತ್ತಿದ ನಾಯಕರು ಅವರು. ಆ ತೆರಿಗೆ 1914ರಲ್ಲಿ ರದ್ದಾಯಿತು.

ಗುರುಶಿಷ್ಯರಲ್ಲಿಯೂ ಮತಭೇದವಿತ್ತು. ಗಾಂಧೀಜಿಯವರ ಹಿಂದ್ ಸ್ವರಾಜ್ ಪುಸ್ತಕವನ್ನು ಗೋಖಲೆಯವರು ಅಪಕ್ವವೆಂದೇ ಭಾವಿಸಿದ್ದರು. ಭಾರತದಲ್ಲಿ ಒಂದು ವರ್ಷವಿದ್ದರೆ ಗಾಂಧಿ ತಾನೇ ಅದನ್ನು ನಾಶಮಾಡುವನೆಂದು ನುಡಿದಿದ್ದರು. ಗಾಂಧೀಜಿ ಅದನ್ನು ನಾಶಮಾಡಲಿಲ್ಲ. ಗುರುವಿನ ಮೇಲಿನ ಭಕ್ತಿಯನ್ನೂ ಬಿಡಲಿಲ್ಲ. ಸ್ವದೇಶಕ್ಕೆ ಮರಳಿದ ಮೇಲೆ ಒಂದು ವರ್ಷ ದೇಶವನ್ನು ಸುತ್ತಿ ನೋಡಬೇಕು, ಅಲ್ಲಿಯವರೆಗೆ ರಾಜಕೀಯ ವಿಷಯಗಳಲ್ಲಿ ಬಾಯಿ ತೆರೆಯಬಾರದು ಎಂದು ಗೋಖಲೆಯವರು ಮಾತು ತೆಗೆದುಕೊಂಡರು. ಶಿಷ್ಯರು ಅದನ್ನು ನಡೆಸಿಕೊಟ್ಟರು. ಮೊದಲು ನೋಡು, ಕೇಳು, ಆಮೇಲೆ ಮಾತನಾಡು ಎಂಬ ಈ ಪಾಠಕ್ಕಿಂತ ದೊಡ್ಡ ರಾಜಕೀಯ ಪಾಠ ಯಾವುದಿದೆ?

ಚಿತೆಯ ಮುಂದೆ ತಿಲಕರು

1914ರ ಜೂನಿನಲ್ಲಿ ತಿಲಕರು ಬಿಡುಗಡೆಯಾದರು. ಕಾಂಗ್ರೆಸ್ಸನ್ನು ಒಂದುಗೂಡಿಸುವ ಪ್ರಯತ್ನಗಳು ನಡೆದು ಮುರಿದುಬಿದ್ದವು. ಮತ್ತೆ ಪತ್ರಿಕೆಗಳಲ್ಲಿ ಕಹಿಯಾದ ವಾದವಿವಾದಗಳಾದವು. ಮಧುಮೇಹ, ಹೃದಯರೋಗಗಳಿಂದ ಜರ್ಝರಿತರಾಗಿದ್ದ ಗೋಖಲೆಯವರು 1915ರ ಫೆಬ್ರವರಿ 19ರಂದು ಪುಣೆಯಲ್ಲಿ ಕೊನೆಯುಸಿರೆಳೆದರು. ಅವರಿಗೆ ಇನ್ನೂ ನಲವತ್ತೊಂಬತ್ತು ತುಂಬಿರಲಿಲ್ಲ. ಹಿಂದಿನ ವರ್ಷವೇ ಸರಕಾರವು ನೀಡಬಯಸಿದ ಸರ್ ಪದವಿಯನ್ನು ಅವರು ವಿನಯದಿಂದ ನಿರಾಕರಿಸಿದ್ದರು.

ಸಿಂಹಗಡದಲ್ಲಿದ್ದ ತಿಲಕರು ಸುದ್ದಿ ಕೇಳಿದೊಡನೆ ಇಳಿದು ಬಂದು ಸ್ಮಶಾನಕ್ಕೆ ಧಾವಿಸಿದರು. ಚಿತೆಯ ಮುಂದೆ ನಿಂತು, ನೆರೆದ ಜನಸ್ತೋಮಕ್ಕೆ ಗೋಖಲೆಯವರ ದೇಶಸೇವೆಯನ್ನು ಹೊಗಳಿ ಹೇಳಿ, ತರುಣರು ಅವರನ್ನು ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳಬೇಕೆಂದು ಗದ್ಗದಕಂಠದಿಂದ ಬೋಧಿಸಿದರು. ಕಾಲು ಶತಮಾನದ ವಿರೋಧಿಯ ಬಾಯಿಂದ ಬಂದ ಆ ಶ್ರದ್ಧಾಂಜಲಿಯಲ್ಲಿ ತಿಲಕರ ದೊಡ್ಡತನವೂ ಅಷ್ಟೇ ಇದೆ. ಸೂರತ್ತಿನಲ್ಲಿ ಚಾಚಿದ ತೋಳಿಗೆ ಪುಣೆಯ ಸ್ಮಶಾನದಲ್ಲಿ ಉತ್ತರ ದೊರೆಯಿತೆಂದು ನಾವು ಭಾವಿಸುತ್ತೇವೆ.

ಕನ್ನಡಿಗರ ಋಣ

ಕನ್ನಡ ನಾಡು ಈ ಮಹನೀಯರನ್ನು ಮರೆಯಲಿಲ್ಲ. ಅವರು ತೀರಿಕೊಂಡ ವರ್ಷವೇ, 1915ರ ಮೇ ತಿಂಗಳಲ್ಲಿ, ಗಾಂಧೀಜಿಯವರು ಬೆಂಗಳೂರಿಗೆ ಬಂದು ಗೋಖಲೆಯವರ ಭಾವಚಿತ್ರವನ್ನು ಅನಾವರಣಗೊಳಿಸಿದರು. ಪತ್ರಕರ್ತರೂ ಕವಿಗಳೂ ಆಗಿದ್ದ ಡಿ.ವಿ. ಗುಂಡಪ್ಪನವರು ಗೋಖಲೆಯವರ ಜೀವನ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. 1945ರಲ್ಲಿ ಅವರ ಹೆಸರಿನಲ್ಲಿ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ಪ್ರಜೆಗಳಿಗೆ ರಾಜ್ಯಶಾಸ್ತ್ರದ ತಿಳಿವಳಿಕೆಯನ್ನೂ ಸಭ್ಯ ಚರ್ಚೆಯ ಅಭ್ಯಾಸವನ್ನೂ ಬೆಳೆಸಲು ಬಾಳಿನ ಕೊನೆಯವರೆಗೂ ಶ್ರಮಿಸಿದರು. ಬೆಂಗಳೂರಿನ ಬುಲ್ ಟೆಂಪಲ್ ರಸ್ತೆಯಲ್ಲಿ ಆ ಸಂಸ್ಥೆ ಇಂದಿಗೂ ಇದೆ.

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ನಮ್ಮವರ ಹೋಟೆಲುಗಳು ಎಷ್ಟೋ ವರ್ಷಗಳಿಂದ ಇವೆ. ಅಲ್ಲಿ ದುಡಿಯುವ ನಮ್ಮ ಹುಡುಗರು ಬಿಡುವಿನ ವೇಳೆಯಲ್ಲಿ ಕಾಲೇಜಿನ ಹೆಬ್ಬಾಗಿಲಿನತ್ತ ನೋಡಿದಾಗ, 75 ರೂಪಾಯಿ ಸಂಬಳಕ್ಕೆ ಅಲ್ಲಿ ಪಾಠ ಹೇಳಿದವರನ್ನು ಒಮ್ಮೆ ನೆನೆಯಲಿ. ಶಾಸನಸಭೆಗಳನ್ನು ತಿದ್ದುವ ಅಧಿಕಾರ ನಮಗಿರುವುದು ಐದು ವರ್ಷಕ್ಕೊಮ್ಮೆ ಮತಪೆಟ್ಟಿಗೆಯ ಮುಂದೆ ಮಾತ್ರ. ಆಗ ಬೈಗಳನ್ನು ಶೌರ್ಯವೆಂದು ತಿಳಿದು ಮತ ಕೊಡದಿರೋಣ. ಆದರೆ ನಮ್ಮ ಕೈಯಲ್ಲಿ ಸದಾ ಇರುವ ಸಭೆಗಳೂ ಉಂಟು: ನಮ್ಮ ಸಂಘಗಳ ವಾರ್ಷಿಕ ಮಹಾಸಭೆ, ಕಾರ್ಮಿಕ ಒಕ್ಕೂಟದ ಬೈಠಕ್, ಸೊಸೈಟಿಯ ಸಭೆ. ಅಲ್ಲಿ ಲೆಕ್ಕಪತ್ರವನ್ನು ಓದಿಕೊಂಡು ಬಂದು ಪ್ರಶ್ನಿಸೋಣ. ಆಡಿದ ಆರೋಪ ನಿಲ್ಲದಿದ್ದರೆ ಅದೇ ಸಭೆಯಲ್ಲಿ ಹಿಂತೆಗೆದುಕೊಳ್ಳೋಣ. ಎದುರು ಪಕ್ಷದವನನ್ನು ನಮ್ಮವರೇ ಕೂಗಿ ಕೂರಿಸಲು ಎದ್ದಾಗ, ಮೊದಲು ನಮ್ಮವರ ಕೈ ಹಿಡಿದು ನಿಲ್ಲಿಸೋಣ. ನಾಮದಾರ ಗೋಖಲೆಯವರ ಸ್ಮಾರಕಕ್ಕೆ ಇದಕ್ಕಿಂತ ಹೆಚ್ಚಿನ ವಂತಿಗೆಯನ್ನು ನಮ್ಮಂತಹ ಬಡವರು ಕೊಡಬೇಕಾಗಿಲ್ಲ.